ಒಂದೇ ಡಬ್ಬಿಯ ಬುತ್ತಿ

ಇಂಥ ಮಾತು ಯಾರಾದರೂ ಹೇಳಿದರೆ ತಲೆಯಾಡಿಸಿ ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ನಂಬಿದವಳಲ್ಲ. ಈಗಲೂ ನಂಬಿದ್ದೇನೆಂದು ಹೇಳಲಾರೆ, ನಡೆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ನನ್ನನ್ನು ಆಪಾ ಎಂದು ಕರೆಯುತ್ತಿದ್ದ ತಂಗಿ ಹಸೀನಾಳಿಗೆ ಕಲಬುರಗಿಯಲ್ಲಿ ಮೆದುಳಿನ ಆಪರೇಷನ್ ಆಯಿತು. ಅದು ಸರಿಹೋಯಿತು. ಆದರೆ ತಲೆಯ ನೀರು ಇಳಿಯಲೆಂದು ಹಾಕಿದ್ದ ನಳಿಕೆಯ ದಾರಿಯಲ್ಲಿ ಆಸ್ಪತ್ರೆಯ ಸೋಂಕು ಹತ್ತಿ ಮೆದುಳಿನ ಪೊರೆಗೆ ಏರಿತು. ಸಾಮಾನ್ಯ ಆಂಟಿಬಯೋಟಿಕ್‌ಗೆ ಜಗ್ಗದ ಕ್ರಿಮಿ. ರಕ್ತನಾಳಕ್ಕೆ ಕೊಟ್ಟ ಔಷಧ ಮೆದುಳಿಗೆ ಸಾಕಷ್ಟು ಮುಟ್ಟುವುದಿಲ್ಲವೆಂದು, ಅಲ್ಲಿದ್ದ ಜೇವರ್ಗಿ ಕಡೆಯ ಡಾಕ್ಟರು ಹೊಸ ನಳಿಕೆ ಹಾಕಿ ಅದರಿಂದಲೇ ತಲೆಯೊಳಗೆ ಕೊಲಿಸ್ಟಿನ್ ಎಂಬ ಔಷಧ ಬಿಡತೊಡಗಿದರು. ಇದರ ಮುಂದೆ ಬೇರೆ ಔಷಧವಿಲ್ಲವೆಂದೂ ಹೇಳಿದರು. ಹಸೀನಾ ಕಣ್ಣು ತೆರೆಯುತ್ತಿರಲಿಲ್ಲ. ನಾನು ದಿನಾ ನಳಿಕೆಯಿಂದ ಚೀಲಕ್ಕಿಳಿದ ತಲೆಯ ನೀರಿನ ಬಣ್ಣ ನೋಡುತ್ತಿದ್ದೆ. ಅಕ್ಕಿ ತೊಳೆದ ನೀರಿನಂತಿರುತ್ತಿತ್ತು.

ಅಫಜಲಪುರದ ಅತನೂರಿನಿಂದ ಅಮ್ಮಿ ಮುಂಜಾನೆಯ ಬಸ್ಸಿಗೆ, ಕಂಡಕ್ಟರ ಕೈಲಿ ಬುತ್ತಿ ಕಳಿಸುತ್ತಿದ್ದಳು. ಒಂದೇ ಬಟ್ಟೆಯಲ್ಲಿ ಎರಡು ಡಬ್ಬಿ, ನನಗೊಂದು, ಹಸೀನಾಗೊಂದು. ಹಸೀನಾಗೆ ಮೂಗಿನ ನಳಿಕೆಯಲ್ಲೇ ಊಟ ಎಂದರೂ ಕೇಳುತ್ತಿರಲಿಲ್ಲ. ಅವಳ ಡಬ್ಬಿಯನ್ನು ಪಕ್ಕದ ರೋಗಿಯ ತಾಯಿ, ಆಳಂದದ ಶಾಂತಾಬಾಯಿಗೆ ಕೊಡುತ್ತಿದ್ದೆ.

“ನಿಮ್ಮ ತಂಗಿ ಎದ್ದಳಂದ್ರ ನನ್ನ ಊಟಕ್ಕ ಕಲ್ಲು ಬಿತ್ತು ನೋಡ್ರಿ,” ಎಂದು ಆಕೆ ನಗಿಸುತ್ತಿದ್ದಳು.

ಒಂದು ಮುಂಜಾನೆ ಚೀಲದ ನೀರು ತಿಳಿಯಾಗಿತ್ತು. ಔಷಧ ಹಿಡಿಯುತ್ತಿದೆ ಎಂದರು ಡಾಕ್ಟರು. ಅಮ್ಮಿಗೆ ಫೋನ್ ಮಾಡಿದೆ. ಹ್ಞೂಂ ಎಂದಳು, ಅಷ್ಟೆ. ಅಷ್ಟೊತ್ತಿಗೆ ಬುತ್ತಿ ಬಸ್ಸಿಗೇರಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ತಂದು ಬಿಚ್ಚಿದರೆ ಒಂದೇ ಡಬ್ಬಿ. ಶಾಂತಾಬಾಯಿಯ ಜೊತೆ ಹಂಚಿಕೊಂಡೆ.

“ಇವತ್ತ ನಿಮ್ಮ ತಂಗಿ ತಾನೇ ಉಂಡು ಕುಂತಾಳೇನ್ರಿ?” ಎಂದಳು. ಇಬ್ಬರೂ ನಕ್ಕೆವು.

ಕೈ ತೊಳೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹಸೀನಾಳ ಹೃದಯ ನಿಂತಿತ್ತು. ಎದೆ ಎಷ್ಟು ಒತ್ತಿದರೂ ಮರಳಲಿಲ್ಲ. ಚೀಲದ ನೀರು ಮಾತ್ರ ತಿಳಿಯಾಗೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಅಮ್ಮಿಯ ಮುಂದೆ ಆ ದಿನದ ಒಂದೇ ಡಬ್ಬಿಯ ಮಾತು ತೆಗೆದೆ.

“ರೊಟ್ಟಿ ಬಡಿಯಾಕತ್ತಿದ್ದೆ ಬೇಟಾ, ಒಲಿ ಹತ್ರ ಹಸೀನಾ ಬಂದು ನಿಂತ್ಳು. ಅಮ್ಮಿ, ನಂದು ಕಟ್ಟಬ್ಯಾಡ, ಆಪಾಂದಷ್ಟ ಕಟ್ಟು ಅಂದ್ಳು.”

ಆ ಹೊತ್ತಿನಲ್ಲಿ ಹಸೀನಾ ನನ್ನ ಕಣ್ಣೆದುರೇ ಮಲಗಿದ್ದಳು, ಉಸಿರಾಡುತ್ತಿದ್ದಳು. ದಣಿದ ತಾಯಿಯ ಮನಸ್ಸು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆಪರೇಷನ್ನಿಗಾಗಿ ತಲೆ ಬೋಳಿಸಿ ಅವಳ ಜಡೆ ತೆಗೆದದ್ದನ್ನು ಆಗ ಅಮ್ಮಿಗೆ ಹೇಳಿರಲಿಲ್ಲ. ಒಲೆಯ ಹತ್ತಿರ ನಿಂತವಳಿಗೆ ಜಡೆ ಇತ್ತೇ ಎಂದು ಕೇಳಬೇಕೆನ್ನಿಸುತ್ತದೆ. ಇತ್ತು ಅಂದರೆ ಅದು ಅಮ್ಮಿಯ ಮನಸ್ಸಷ್ಟೆ, ಇಲ್ಲ ಅಂದರೆ ಬಂದವಳು ಹಸೀನಾಳೇ; ಎರಡನ್ನೂ ತಡೆದುಕೊಳ್ಳಲಾರೆ. ಇನ್ನೂ ಕೇಳಿಲ್ಲ.