ಲ್ಯಾಪ್‌ಟಾಪಿಗೆ ಇಟ್ಟ ಕುಂಕುಮ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆ ಕೋಪದಲ್ಲಿ ಆಡಿದ್ದನ್ನೆಲ್ಲ ನೆನಪಿಟ್ಟುಕೊಂಡರೆ ಬಾಳುವೆ ಮಾಡುವುದು ಕಷ್ಟ, ಹಾಗಾಗಿ ಬಹಳಷ್ಟನ್ನು ಮರೆತಿದ್ದೇನೆ. ಒಂದು ಹಳೆಯ ಲ್ಯಾಪ್‌ಟಾಪಿನ ವಿಷಯಕ್ಕೆ ಅಪ್ಪನಿಗೆ ಅಂದ ಮಾತೊಂದನ್ನು ಮಾತ್ರ ಮರೆಯಲಾಗಿಲ್ಲ.

ಅಪ್ಪ ಬೋರ್ಡು ಬರೆಯುವವನು. ಕೊಡಿಗೇಹಳ್ಳಿಯ ನಮ್ಮ ಮನೆಯಿಂದ ಸೈಕಲ್ ತುಳಿದುಕೊಂಡು ಯಶವಂತಪುರದ ಮಂಡಿಗಳವರೆಗೆ ಹೋಗುತ್ತಿದ್ದ. ಈರುಳ್ಳಿ ಮಂಡಿ, ಬೆಲ್ಲದ ಅಂಗಡಿ, ಲಾರಿ ಆಫೀಸು, ಎಲ್ಲಕ್ಕೂ ಅವನದೇ ಅಕ್ಷರ. ಶಾಲೆಗೆ ರಜೆ ಇದ್ದಾಗ ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದೆ. ಸುಣ್ಣದ ಪುಡಿ ಬಳಿದ ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು, ನಡುವೆ ಎಳೆದು ಬಿಟ್ಟರೆ ಹಲಗೆಯ ಮೇಲೆ ನೆಟ್ಟಗೆ ಒಂದು ಬಿಳಿ ಗೆರೆ ಬೀಳುತ್ತಿತ್ತು. ಆ ಗೆರೆ ಬೀಳುವುದನ್ನು ನೋಡಲೆಂದೇ ನಾನು ಹೋಗುತ್ತಿದ್ದೆ ಅನ್ನಿಸುತ್ತದೆ. ಟರ್ಪೆಂಟೈನ್ ವಾಸನೆ ಎಲ್ಲಿ ಬಂದರೂ ನನಗೆ ಇವತ್ತಿಗೂ ಆ ಸೈಕಲ್ಲಿನ ಕ್ಯಾರಿಯರ್ ನೆನಪಾಗುತ್ತದೆ.

ಅಪ್ಪನ ಕೈಗುಣ ಒಳ್ಳೆಯದು ಎಂಬ ಮಾತು ಮಂಡಿಯಲ್ಲೆಲ್ಲ ಇತ್ತು. ಅವನು ಬೋರ್ಡು ಬರೆದರೆ ವ್ಯಾಪಾರ ಕುದುರುತ್ತದೆ ಎಂದು ನಂಬುವವರಿದ್ದರು. ಬೇರೆಯವರ ಹತ್ತಿರ ಬರೆಸಿಕೊಂಡವರು ಕೂಡ ಹಲಗೆಯ ನೆತ್ತಿಯ ಮೇಲಿನ 'ಶ್ರೀ' ಒಂದನ್ನು ಅಪ್ಪನ ಕೈಯಲ್ಲೇ ಬರೆಸಲು ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಇದನ್ನು ಹೇಳಿಕೊಂಡು ತಿರುಗಿದವನಲ್ಲ. ಆದರೆ ಯಾರಾದರೂ ಹಾಗೆ ಕರೆಯಲು ಬಂದ ದಿನ ಒಂದು ಮುದ್ದೆ ಜಾಸ್ತಿಯೇ ಉಣ್ಣುತ್ತಿದ್ದ.

ಆಮೇಲೆ ಫ್ಲೆಕ್ಸ್ ಬಂತು. ಅಪ್ಪ ಎರಡು ದಿನ ಬರೆಯುವ ಬೋರ್ಡನ್ನು ಯಂತ್ರ ಒಂದು ಗಳಿಗೆಯಲ್ಲಿ ಉಗುಳುತ್ತಿತ್ತು. ಅಪ್ಪ ಮನೆಯಲ್ಲಿ ಕೂತ. ಆ ಹೊತ್ತಿಗೆ ನಾನು ಯಲಹಂಕದ ಕಡೆ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿನ ಉಪನ್ಯಾಸಕರೊಬ್ಬರು ಹೊಸ ಲ್ಯಾಪ್‌ಟಾಪ್ ಕೊಂಡು ಹಳೆಯದನ್ನು ನನಗೆ ಕೊಟ್ಟರು. ನಾನು ಅದನ್ನು ಅಪ್ಪನ ಮುಂದಿಟ್ಟು ಮೌಸ್ ಹಿಡಿಯುವುದನ್ನು ಹೇಳಿಕೊಟ್ಟೆ. ಮೊದಮೊದಲು ಅವನು ಮೌಸನ್ನು ಕುಂಚದ ಹಾಗೆ ಮೇಲಕ್ಕೆತ್ತಿ ಗಾಳಿಯಲ್ಲಿ ಬರೆಯುತ್ತಿದ್ದ. ನಾವು ತಾಯಿ ಮಗಳು ಬಿದ್ದು ಬಿದ್ದು ನಗುತ್ತಿದ್ದೆವು.

ಎರಡು ತಿಂಗಳಲ್ಲಿ ಅವನು ನಮ್ಮ ನಗು ನಿಲ್ಲಿಸಿದ. ಕಂಪ್ಯೂಟರಿನ ಕನ್ನಡ ಅಕ್ಷರಗಳು ಅವನಿಗೆ ಹಿಡಿಸಲಿಲ್ಲ. "ಒತ್ತಕ್ಷರ ಎಲ್ಲಾ ಸಿಟಿ ಬಸ್ಸಲ್ಲಿ ಕೂತಂಗೆ ಕೂತವೆ, ಕಾಲು ಚಾಚೋಕೂ ಜಾಗ ಇಲ್ಲ" ಅಂದ. ಹಾಗಾಗಿ ತನ್ನ ಅಕ್ಷರಗಳನ್ನು ತಾನೇ ಬರೆಯಲು ಕೂತ. ವರ್ಣಮಾಲೆಯ ಒಂದೊಂದೇ ಅಕ್ಷರ, ಅದರ ಕಾಗುಣಿತ, ಅದರ ಒತ್ತು. ಅಷ್ಟೂ ಮುಗಿದರೆ ಫ್ಲೆಕ್ಸ್ ಅಂಗಡಿಯವರಿಗೆ ಕೊಡಬಹುದು, ಆಗ ಯಂತ್ರ ಬರೆದರೂ ಅದು ತನ್ನ ಕೈಬರಹವೇ ಆಗುತ್ತದೆ ಎಂಬುದು ಅವನ ಲೆಕ್ಕ. ಮೂರು ವರ್ಷದಲ್ಲಿ 'ಅ'ದಿಂದ 'ಮ'ದವರೆಗೆ ಬಂದಿದ್ದ.

ಆಯುಧಪೂಜೆಯ ದಿನ ಅಪ್ಪ ಕುಂಚ, ಬಣ್ಣದ ಡಬ್ಬ, ಸೈಕಲ್ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತಿದ್ದ. ಆ ಸಾಲಿಗೆ ಲ್ಯಾಪ್‌ಟಾಪೂ ಸೇರಿತು. ಮುಚ್ಚಳ ತೆರೆದು, ಕೀಲಿಗಳ ಮೇಲೆಲ್ಲ ಅರಿಶಿನ ಕುಂಕುಮ ಹಾಕಿ, ಸೇವಂತಿಗೆ ಇಟ್ಟು, ಒಂದು ಹಿಡಿ ಅಕ್ಷತೆ ಎರಚಿ ಕೈಮುಗಿಯುತ್ತಿದ್ದ. ನಾನು ಅದರ ಫೋಟೋ ತೆಗೆದು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ನಗಿಸಿದ್ದೂ ಉಂಟು.

ಒಂದು ಬೆಳಗ್ಗೆ ಪರದೆಯ ಮೇಲೆ ಉದ್ದುದ್ದ ಗೆರೆಗಳು ಬಂದು, ನಂತರ ಎಲ್ಲ ಕಪ್ಪಾಯಿತು. ಅಪ್ಪ ಆಫೀಸಿಗೆ ಫೋನ್ ಮಾಡಿದ. "ಅಕ್ಷರ ಎಲ್ಲಾ ಓಯ್ತೇನಮ್ಮ?" ಅವನ ಧ್ವನಿ ಕೇಳಿ ನಾನು ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿ, ಅದನ್ನು ಹೊತ್ತುಕೊಂಡು ಆರ್.ಟಿ. ನಗರದ ಒಂದು ರಿಪೇರಿ ಅಂಗಡಿಗೆ ಹೋದೆ.

ಅಲ್ಲಿದ್ದವರು ವಿಜಾಪುರದ ಕಡೆಯವರು, ನಿಧಾನಸ್ಥರು. ಹಿಂದಿನ ಮುಚ್ಚಳ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಫ್ಯಾನಿನ ಸಂದಿಯಲ್ಲೆಲ್ಲ ಕೆಂಪು ಪುಡಿ, ಜೊತೆಗೆ ನಾಲ್ಕೈದು ಅಕ್ಕಿ ಕಾಳು.

"ಇದೇನ್ರಿ ಅಕ್ಕಾರ, ಲ್ಯಾಪ್‌ಟಾಪೋ ದೇವರ ಕೋಣಿನೋ?"

ಹಾರ್ಡ್‌ಡಿಸ್ಕ್ ಚೆನ್ನಾಗಿದೆ, ಬರೆದಿದ್ದೆಲ್ಲ ಭದ್ರವಾಗಿದೆ ಎಂದರು. ಹೋಗಿರುವುದು ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಚಿಪ್. ಅದರ ಅಡಿಯ ಬೆಸುಗೆ ಕಾದು ಕಾದು ಬಿಟ್ಟುಕೊಂಡಿದೆ, ಬಿಸಿಗಾಳಿ ಹಿಡಿದು ಮತ್ತೆ ಕೂರಿಸಿದರೆ ಸ್ವಲ್ಪ ದಿನ ನಡೆಯುತ್ತದೆ. ಯಾಕೆ ಕಾಯಿತು ಎಂದು ಕೇಳಿದೆ. "ಗಾಳಿ ಆಡದ ಆಗಿರಬಹುದ್ರಿ" ಎಂದರು. ಆ 'ಇರಬಹುದು' ಎಂಬುದನ್ನು ನಾನು ಅಂಗಡಿಯಲ್ಲೇ ಬಿಟ್ಟು ಬಂದೆ.

ಬಸ್ಸು ಸಿಗದೆ, ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ನಿಂತು, ಆಫೀಸಿನಿಂದ ಬೈಗುಳದ ಫೋನೂ ಬಂದು, ನಾನು ಮನೆ ತಲುಪುವಾಗ ಕಾದ ಹೆಂಚಾಗಿದ್ದೆ. ಅಪ್ಪ ಗೇಟಿನ ಹತ್ತಿರವೇ ನಿಂತಿದ್ದ.

"ನಿನ್ನ ಅಕ್ಷರ ಎಲ್ಲಾ ಇದೆ" ಅಂದೆ. "ಲ್ಯಾಪ್‌ಟಾಪ್ ಹಾಳಾಗಿರೋದು ನಿನ್ನ ಕುಂಕುಮದಿಂದ. ಒಳಗೆಲ್ಲಾ ಅದೇ ತುಂಬಿದೆ. ನೀನು ಕೈಯಿಟ್ಟಿದ್ದೆಲ್ಲ ಹಿಂಗೇ ಆಗೋದು."

ಕೊನೆಯ ವಾಕ್ಯ ಯಾಕೆ ಬಂತೋ ನನಗೆ ಗೊತ್ತಿಲ್ಲ. ಅದಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಅಪ್ಪ "ಅಂಗಾ" ಎಂದಷ್ಟೇ ಹೇಳಿ ಒಳಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೆನೋ.

ಲ್ಯಾಪ್‌ಟಾಪ್ ವಾರದಲ್ಲಿ ರಿಪೇರಿಯಾಗಿ ಬಂತು. ಅಪ್ಪ ಅದರ ಮುಂದೆ ಕೂರಲಿಲ್ಲ. "ನೀನೇ ಇಟ್ಕೊಮ್ಮ, ನನ್ ಕೈ ಬ್ಯಾಡ" ಅಂದ. 'ಯ' ಬರೆಯುವುದು ಬಾಕಿಯೇ ಉಳಿಯಿತು. ಸಹಕಾರನಗರದಲ್ಲಿ ದಿನಸಿ ಅಂಗಡಿ ತೆರೆಯುವವರೊಬ್ಬರು 'ಶ್ರೀ' ಬರೆಸಲು ಬಂದರೆ, ಕಣ್ಣು ಮಂಜಾಗಿದೆ ಎಂದು ಹೇಳಿ ಕಳಿಸಿಬಿಟ್ಟ. ದೂರದಿಂದ ಬರುವ ಬಸ್ಸಿನ ನಂಬರನ್ನು ನನಗಿಂತ ಮೊದಲು ಓದುತ್ತಿದ್ದ ಕಣ್ಣು ಅದು. ಆ ವರ್ಷದ ಆಯುಧಪೂಜೆಗೆ ಕುಂಚಗಳೂ ಹೊರಗೆ ಬರಲಿಲ್ಲ. "ಏನಂದೆ ನೀನು ಅವರಿಗೆ?" ಎಂದು ಅಮ್ಮ ಒಲೆಯ ಮುಂದೆ ನನ್ನನ್ನು ಹಿಡಿದು ಕೇಳಿದಳು. ನಾನು ಏನೂ ಇಲ್ಲ ಅಂದೆ. ಕ್ಷಮೆ ಕೇಳಬೇಕೆಂದು ದಿನಾ ಅನ್ನಿಸುತ್ತಿತ್ತು. ಆದರೆ ಹಾಳಾಗಿದ್ದು ಕುಂಕುಮದಿಂದಲೇ ತಾನೆ, ನಾನು ಹೇಳಿದ್ದು ನಿಜವೇ ತಾನೆ ಎಂಬ ಹಟವೂ ಇತ್ತು.

ಆ ಹಟ ಮುಂದಿನ ಬೇಸಿಗೆಗೆ ಮುರಿಯಿತು. ಪರದೆಯ ಮೇಲೆ ಮತ್ತೆ ಅದೇ ಗೆರೆಗಳು, ಮತ್ತೆ ಅದೇ ಕಪ್ಪು. ಅದೇ ಅಂಗಡಿಗೆ ಹೋದೆ. ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಚೂರು ಕೆಂಪೂ ಇಲ್ಲ, ಫ್ಯಾನು ಸಲೀಸಾಗಿ ತಿರುಗುತ್ತಿದೆ.

"ಹುಟ್ಟುತ್ತಲೇ ಬಂದ ರೋಗರಿ ಇದು" ಎಂದರು ರಿಪೇರಿಯವರು. "ಈ ಮಾಡೆಲ್ಲಿನ ಚಿಪ್ಪೇ ಹಿಂಗ. ಮೊದಲನೇ ಸಲ ನನಗೂ ತಿಳೀಲಿಲ್ಲ, ಆಮ್ಯಾಲೆ ಇಂಥಾವು ಸಾಲಾಗಿ ಬಂದ್ವು."

"ಹಾಗಾದ್ರೆ ಕುಂಕುಮ?"

"ಕುಂಕುಮ ಹಾಕಿದ್ರೂ ಹೋಗ್ತಿತ್ತು, ಹಾಕದಿದ್ರೂ ಹೋಗ್ತಿತ್ರಿ."

ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವನು ನಂಬಲಿಲ್ಲ. "ನನ್ ಸಮಾಧಾನಕ್ಕೆ ಏಳ್ಬ್ಯಾಡ ಬಿಡು" ಅಂದ. ಭಾನುವಾರ ಹಟ ಹಿಡಿದು ಅವನನ್ನೇ ಕರೆದುಕೊಂಡು ಹೋದೆ.

ರಿಪೇರಿಯವರು ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಅದರಲ್ಲಿದ್ದ ಹಸಿರು ಬೋರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಎಲ್ಲವೂ ಅದೇ ಚಿಪ್ ಹೋದವು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ಒರೆಸಿ ಒರೆಸಿ ನೋಡಿದ. ಬೆರಳಿಗೆ ಬೂದು ಧೂಳು ಬಿಟ್ಟು ಏನೂ ಹತ್ತಲಿಲ್ಲ.

"ಇದು ಯಾರ್ದು?"

"ಒಬ್ಬ ಡಾಕ್ಟರ್‌ದು ಯಜಮಾನ್ರ. ಎ.ಸಿ. ರೂಮಿನಾಗ ಇತ್ತು. ನಿಮ್ಮದಕ್ಕಿಂತ ಜಲ್ದಿ ಹೋತು."

ಅಪ್ಪ ಕೊನೆಯ ಬೋರ್ಡನ್ನೂ ನೋಡಿ ಇಟ್ಟ. ತನ್ನ ಅಕ್ಷರಗಳನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಬಹುದೇ ಎಂದು ಕೇಳಿದ. ಹಾಕಬಹುದು ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಜೊತೆಯಲ್ಲೇ ಸೀಟು ಸಿಕ್ಕಿತು. ಹೆಬ್ಬಾಳ ದಾಟುವವರೆಗೆ ಧೈರ್ಯ ಬರಲಿಲ್ಲ. ದಾಟಿದ ಮೇಲೆ "ತಪ್ಪಾಯ್ತಪ್ಪ" ಅಂದೆ.

"ಬೈದಿದ್ದಕ್ಕೇನು ಬ್ಯಾಸರ ಇಲ್ಲ ಕಣಮ್ಮ" ಅಂದ ಅಪ್ಪ. "ನೀನು ಓದಿರೋಳು, ನೀನಂದ್ ಮೇಲೆ ನಿಜಾನೇ ಇರ್ಬೇಕು ಅನ್ಕೊಂಡೆ. ಸೈಕಲ್ ತಕ್ಕೊಂಡು ಯಶವಂತಪುರಕ್ಕೆ ಓಗಿ ನೋಡ್ಕೊಂಡು ಬಂದೆ, ನಾನು ಬರ್ದಿದ್ ಅಂಗ್ಡಿಗಳು ಎಷ್ಟು ಉಳ್ದವೆ ಅಂತ. ಮುಚ್ಚೋಗಿರೋವೇ ಜಾಸ್ತಿ. ಅವ್ರ ಮನೆಗಳೆಲ್ಲಾ ನನ್ ಕೈಯಿಂದಾನೇ ಹಾಳಾದ್ವೇನೋ ಅಂತಿದ್ದೆ ಇಷ್ಟು ದಿನ."

ನಾನು ಅವನ ಬಲಗೈ ಹಿಡಿದುಕೊಂಡೆ. ಕೊಡಿಗೇಹಳ್ಳಿ ಗೇಟು ಬರುವವರೆಗೂ ಬಿಡಲಿಲ್ಲ.