ಮೂರನೇ ಕಂಪ್ಯೂಟರಿಗೆ ಮರೆವು ತರಿಸಿದ್ದು

ಟಿ. ನರಸೀಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಬ್ರೌಸರ್ ಬದಲಾಯಿಸಿದವನು ನಾನೇ. ಎರಡು ವರ್ಷದ ಹಿಂದಿನ ಮಾತು, ಆಗ ನನಗೆ ಹದಿನೇಳು. ಇಡೀ ತಾಲ್ಲೂಕಿನಲ್ಲಿ ಇಂಟರ್‌ನೆಟ್ಟನ್ನು ಅರೆದು ಕುಡಿದವನು ನಾನೊಬ್ಬನೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಹೇಳದಿದ್ದರಿಂದ ಆ ಕೆಲಸವೂ ನನ್ನ ತಲೆಯ ಮೇಲೇ ಬಿದ್ದಿತ್ತು.

ಸೆಂಟರಿನಲ್ಲಿ ಇದ್ದದ್ದು ನಾಲ್ಕು ಕಂಪ್ಯೂಟರ್. ಮಾಲೀಕರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು. ಪ್ರತಿ ಮಾನಿಟರಿನ ಹಣೆಗೆ ಕೆಂಪು ಪೇಂಟಿನಲ್ಲಿ ನಂಬರ್ ಬರೆದಿದ್ದರು. ಹಳ್ಳಿಗಳಿಂದ ಬರುವವರಿಗೆ ಇಮೇಲ್ ಅಂದರೆ ಆ ನಂಬರೇ. ಸೋಸಲೆಯ ಒಬ್ಬ ಯಜಮಾನರಂತೂ ಮೂರು ಸೀಟು ಖಾಲಿಯಿದ್ದರೂ ಎರಡನೆಯದರ ಹಿಂದೆಯೇ ನಿಂತಿರುತ್ತಿದ್ದರು. "ನಂದು ಎರಡ್ನೇದ್ರಲ್ಲಿ ಅದೆ ಕಣಪ್ಪ. ಅವ್ರು ಎದ್ದೇಳ್ಲಿ, ನಂಗೇನ್ ಅವಸ್ರ ಇಲ್ಲ" ಎನ್ನುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರು ಹೇಳುತ್ತಿದ್ದದ್ದು ಸುಳ್ಳೇನಲ್ಲ. ಪಾಸ್‌ವರ್ಡ್ ಅವರಿಗೆ ಗೊತ್ತಿರುತ್ತಿರಲಿಲ್ಲ. ಮಾಲೀಕರು ಒಂದು ಸಲ ಟೈಪ್ ಮಾಡಿಕೊಟ್ಟದ್ದನ್ನು ಆ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತಿತ್ತು, ಅಷ್ಟೆ. ಮಾಲೀಕರೋ, ಇಡೀ ತಾಲ್ಲೂಕಿಗೆ ಒಂದೇ ಪಾಸ್‌ವರ್ಡ್ ಹಂಚಿದ್ದರು.

ಕಂಪ್ಯೂಟರಿನ ಜೊತೆ ಬಂದಿದ್ದ ಹಳೆಯ ಬ್ರೌಸರಿಗೆ ಎರಡು ಕಾಯಿಲೆ. ಮೂರು ಪುಟ ತೆರೆದರೆ ಊಟ ಮಾಡಿದ ಹೆಬ್ಬಾವಿನ ಹಾಗೆ ಅಲ್ಲಾಡದೆ ಬಿದ್ದುಕೊಳ್ಳುತ್ತಿತ್ತು. ಇನ್ನೊಂದು, ಅದರ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಒಂದು ಅಕ್ಷರ ಒತ್ತಿದರೆ ಸಾಕು, ಆ ಅಕ್ಷರದಿಂದ ಶುರುವಾಗುವ ವಿಳಾಸಗಳಲ್ಲಿ ಯಾರು ಯಾರು ಏನೇನು ನೋಡಿದ್ದರೋ ಎಲ್ಲವನ್ನೂ ಕೆಳಗೆ ಸುರಿಯುತ್ತಿತ್ತು.

ನನ್ನಪ್ಪ ಮೇಷ್ಟ್ರು. ತಮ್ಮ ಸ್ಕೂಲಿನ ಮಕ್ಕಳ ರಿಸಲ್ಟ್ ನೋಡಲು ಒಂದು ದಿನ ಬಂದು, ಸರಿಯಾಗಿ ನಾನು ದಿನಾ ಕೂರುವ ಮೂರನೇ ಕಂಪ್ಯೂಟರಿನ ಮುಂದೆಯೇ ಕೂತರು. ಒಂದು ಅಕ್ಷರ ಒತ್ತಿದರು. ಹದಿನೆಂಟು ಸಾಲು ಇಳಿಯಿತು, ಹದಿನೆಂಟೂ ಒಬ್ಬಳೇ ಹೀರೋಯಿನ್ನಿನ ಫೋಟೋಗಳ ವಿಳಾಸ. ಅಪ್ಪ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ನಾನು ಕಾಲಿನಿಂದ ವೈರ್ ಕಿತ್ತೆ.

"ಕರೆಂಟ್ ಹೋಯ್ತು" ಎಂದರು ಅಪ್ಪ.

ಅವರ ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಮಾಲೀಕರು ಫ್ಯಾನ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಮಾರನೇ ದಿನವೇ ನಾನು ಭಾಷಣ ಶುರುಮಾಡಿದೆ. "ಸಾ, ಈ ಬ್ರೌಸರ್ ತೆಗ್ದಾಕಿ ಸಾ. ಜನದ ಪ್ರೈವೆಸಿ ಬೀದಿಪಾಲಾಯ್ತಾ ಅದೆ."

"ಜನದ ಪ್ರೈವೆಸಿ ಚಿಂತೆ ನಿಂಗ್ಯಾಕ್ಲಾ?"

"ಸಮಾಜಸೇವೆ ಸಾ."

"ಸಮಾಜಸೇವೆ ಮಾಡೋನು ವೈರ್ ಕೀಳ್ತಾನೇನ್ಲಾ?"

ಆದರೂ ಒಪ್ಪಿದರು. ದಿನಕ್ಕೆ ಹತ್ತು ಸಲ ಹೆಬ್ಬಾವನ್ನು ಎಬ್ಬಿಸಿ ಅವರಿಗೂ ಸಾಕಾಗಿತ್ತು. ಮೈಸೂರಿನಿಂದ ತಂದ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಹೊಸ ಬ್ರೌಸರ್ ಇತ್ತು. ಆಪರೇಷನ್ ಮಾಡುವ ಡಾಕ್ಟರಂತೆ ಅಂಗಿಯ ತೋಳು ಮಡಚಿ ಅದನ್ನು ಕಂಪ್ಯೂಟರುಗಳಿಗೆ ಹಾಕಿದೆ. ಮುಚ್ಚಿದ ಕೂಡಲೇ ಎಲ್ಲವನ್ನೂ ಅಳಿಸುವ ಸೌಲಭ್ಯ ಅದರಲ್ಲಿತ್ತು. ಇದ್ದಬದ್ದ ಚೌಕಗಳಿಗೆಲ್ಲ ಟಿಕ್ ಹಾಕಿದೆ. ಆಮೇಲೆ ಹಳೆಯ ಬ್ರೌಸರಿನೊಳಗೆ ಹೋದೆ. ನನಗೆ ಬೇಕಿದ್ದದ್ದು ನೋಡಿದ ವಿಳಾಸಗಳನ್ನು ಅಳಿಸುವ ಬಟನ್ ಮಾತ್ರ. ಆದರೆ ಕಳ್ಳನಿಗೆ ಎಷ್ಟು ಗುಡಿಸಿದರೂ ಸಮಾಧಾನವಿಲ್ಲ ನೋಡಿ, ಪಾಸ್‌ವರ್ಡ್ ಅಳಿಸುವ ಬಟನ್ನನ್ನೂ ಒತ್ತಿದೆ.

ಒಂದು ವಾರ ನಾನು ನೆಲದಿಂದ ಅರ್ಧ ಅಡಿ ಮೇಲೆ ನಡೆದೆ. ಹೊಸದು ಒಂದು ಸಲವೂ ನಿಲ್ಲಲಿಲ್ಲ. ಪಾಸ್‌ವರ್ಡ್ ಕೇಳಿದಾಗಲೆಲ್ಲ ಮಾಲೀಕರು ತಮ್ಮ ಸಾರ್ವಜನಿಕ ಪಾಸ್‌ವರ್ಡ್ ಟೈಪ್ ಮಾಡಿ ಕೊಡುತ್ತಿದ್ದರು. ಎಲ್ಲರ ಇಮೇಲೂ ತೆರೆದುಕೊಳ್ಳುತ್ತಿತ್ತು.

ಆಗ ಹೆಮ್ಮಿಗೆ ಹಳ್ಳಿಯಿಂದ ಒಬ್ಬ ಅಕ್ಕ ಬಂದರು. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಫ್ಯಾಕ್ಟರಿಯ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದ್ದರು. ಇಂಟರ್‌ವ್ಯೂ ದಿನ ಮೇಲ್‌ನಲ್ಲಿ ಬರುತ್ತದೆ ಎಂದು ಫ್ಯಾಕ್ಟರಿಯವರು ಹೇಳಿದ್ದರಂತೆ.

"ಮೂರ್ನೇದು ಖಾಲಿ ಅದಾ?" ಎಂದು ಕೇಳಿದರು.

ಹೊಸ ಬ್ರೌಸರ್ ಪಾಸ್‌ವರ್ಡ್ ಕೇಳಿತು. ಮಾಲೀಕರು ತಮ್ಮದನ್ನು ಹಾಕಿದರು. ತಪ್ಪು ಎಂದಿತು. ಮತ್ತೆ ಹಾಕಿದರು. ಅದು ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ಆ ಮೇಲ್ ಮಾಡಿಕೊಟ್ಟವನು ನಾನು. ತಿಂಗಳ ಹಿಂದೆ ಮಾಲೀಕರು ಊಟಕ್ಕೆ ಹೋಗಿದ್ದಾಗ, "ನಂದು ಯಾರ್ಗೂ ಕಾಣ್ಬಾರ್ದು ಕಣಪ್ಪ" ಎಂದಿದ್ದರು ಅಕ್ಕ. ಪಾಂಡಿತ್ಯ ತೋರಿಸಲು ಇದಕ್ಕಿಂತ ಅವಕಾಶ ಬೇಕೆ? ಅಂಕಿ, ಚುಕ್ಕಿ, ನಕ್ಷತ್ರ ಎಲ್ಲ ಸೇರಿಸಿ ರೈಲಿನಷ್ಟು ಉದ್ದದ ಪಾಸ್‌ವರ್ಡ್ ಕಟ್ಟಿದ್ದೆ. ಮರೆತರೆ ಕೇಳುವ ಗುಟ್ಟಿನ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ತುಂಬಿದ್ದೆ. "ಬರ್ಕೊಳ್ಳಾ?" ಎಂದು ಅಕ್ಕ ಪರ್ಸಿನಿಂದ ಪೆನ್ ತೆಗೆದಿದ್ದರು. "ಬ್ಯಾಡ ಕಣಕ್ಕ, ಮಿಷಿನ್ನೇ ನೆನಪಿಟ್ಕೊತದೆ" ಎಂದಿದ್ದೆ.

ಈಗ ಮಿಷಿನ್ನಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ.

"ಸರ್ವರ್ ಡೌನ್ ಅಕ್ಕ" ಎಂದೆ. ಮಾಲೀಕರಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದರು.

ಎರಡು ದಿನ ಬಿಟ್ಟು ಅಕ್ಕ ಮತ್ತೆ ಬಂದರು. "ಸರ್ವರ್ ಎದ್ದದಾ?" ಎಂದು ನಗುತ್ತಲೇ ಕೇಳಿದರು. "ಇನ್ನೂ ಮಲ್ಗದೆ ಅಕ್ಕ" ಎಂದೆ, ಅವರೂ ನಕ್ಕರು. ಅವರು ಹೋದ ಮೇಲೆ ನಲವತ್ತು ಸಲ ಬೇರೆ ಬೇರೆ ಪಾಸ್‌ವರ್ಡ್ ಹಾಕಿ ನೋಡಿದೆ. ಇದೊಂದು ಲೆಕ್ಕವನ್ನು ನಾನು ಉಬ್ಬಿಸುತ್ತಿಲ್ಲ. ಕೊನೆಗೆ ಆ ಮೇಲ್ ಬಾಗಿಲನ್ನೇ ಹಾಕಿಕೊಂಡಿತು.

"ನಿಜ ಏಳ್ಬುಡ್ಲಾ. ಅವ್ರೇ ಫ್ಯಾಕ್ಟರಿಗೋಗಿ ಕೇಳ್ಕತಾರೆ" ಎಂದರು ಮಾಲೀಕರು.

"ನಾಳೆ ಏಳ್ತೀನಿ ಸಾ" ಎಂದೆ. ಹೇಳಬೇಕಾದರೆ ಪಾಸ್‌ವರ್ಡ್ ಯಾಕೆ ಅಳಿಸಿದೆ ಅನ್ನುವುದನ್ನೂ ಹೇಳಬೇಕಿತ್ತು. ಅದು ಅಪ್ಪನವರೆಗೂ ಹೋಗುತ್ತಿತ್ತು. ನಾಲ್ಕು ನಾಳೆ ಹಾಗೇ ಕಳೆದವು.

ಐದನೆಯ ದಿನ ಅಕ್ಕ ತಾಂಡ್ಯದಿಂದ ವಾಪಸ್ ಬಂದು, ಬಸ್ ಇಳಿದು ಸೀದಾ ಸೆಂಟರಿಗೆ ಬಂದರು. ನಮ್ಮನ್ನು ಕಾದು ಸಾಕಾಗಿ ಅವರೇ ನಂಜನಗೂಡಿನ ಬಸ್ ಹತ್ತಿ ಫ್ಯಾಕ್ಟರಿ ಗೇಟಿಗೆ ಹೋಗಿದ್ದರು. ಇಂಟರ್‌ವ್ಯೂ ಹಿಂದಿನ ದಿನವೇ ಮುಗಿದಿತ್ತು.

"ಮೇಲಲ್ಲಿ ಲೆಟರ್ ಕಳಿಸಿ ಎಂಟ್ ದಿನ ಆಯ್ತಂತೆ" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ತಮಾಷೆ ಹೇಳಿ ಬಚಾವಾಗುತ್ತಿದ್ದೆ. "ಎಲ್ಲಾ ಈ ಸರ್ವರ್ ಮಾಡಿದ್ದು. ನೀನಾದ್ರೂ ಏನ್ ಮಾಡೀಯೆ ಬುಡಪ್ಪ."

ಮಾಲೀಕರು ನನ್ನ ಮುಖವನ್ನೇ ನೋಡಿದರು. ನಾನು ಕೀಬೋರ್ಡಿನ ಧೂಳು ಊದಿದೆ.

"ಇನ್ನೊಂದ್ ಫ್ಯಾಕ್ಟರೀಲಿ ಅರ್ಜಿ ಕರ್ದವ್ರೆ. ಒಸ ಮೇಲ್ ಮಾಡ್ಕೊಡು" ಎಂದರು ಅಕ್ಕ. ಪುಟ ತೆರೆದು, ಹೆಸರು ತುಂಬಿ, ಪಾಸ್‌ವರ್ಡಿನ ಜಾಗಕ್ಕೆ ಬಂದೆ. ಬೆರಳು ತಾನಾಗಿಯೇ ನಕ್ಷತ್ರದ ಕಡೆ ಹೋಯಿತು.

"ಬ್ಯಾಡ, ಎದ್ದೇಳು. ನಾನೇ ಒತ್ತೀನಿ. ನೀನು ಆ ಕಡೆ ತಿರುಕ್ಕೋ."

ಗೋಡೆಯ ಕಡೆ ತಿರುಗಿ ನಿಂತೆ. ಹಿಂದೆ ಒಂದೊಂದೇ ಕೀಲಿ, ಹುಡುಕಿ ಹುಡುಕಿ ಒತ್ತುವ ಸದ್ದು. ನಡುವೆ ನೋಟ್‌ಬುಕ್ಕಿನಲ್ಲಿ ಪೆನ್ ಗೀಚುವ ಸದ್ದು. ಸರ್ವರ್ ಅಲ್ಲ ಅಕ್ಕ, ನಾನು ಎಂದು ಹೇಳಲು ಅಷ್ಟು ಹೊತ್ತು ಸಾಕಾಗುತ್ತಿತ್ತು. ಮುಖ ನೋಡುವ ಕಷ್ಟವೂ ಇರಲಿಲ್ಲ.

"ಆಯ್ತು, ಈಗ ತಿರುಕ್ಕೋ" ಎಂದರು. ನಾನು ಇನ್ನೂ ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಿದ್ದೆ.