ಬೆಲ್ಲದ ಕಬೋರ್ಡಿಗೊಂದು ಲಾಕು

ಮಕ್ಕಳು ತೆಗೆಯದ ಹಾಗೆ ಅಡುಗೆಮನೆ ಕಬೋರ್ಡುಗಳಿಗೆ ಪ್ಲಾಸ್ಟಿಕ್ ಲಾಕು ಹಾಕುವುದೂ ನನ್ನ ಕೆಲಸವೇ. ಹೊಳೆನರಸೀಪುರದ ಒಂದು ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು ಫಿನಾಯಿಲ್ ಬಾಟಲಿಯ ಮುಚ್ಚಳ ಕಚ್ಚುತ್ತಿತ್ತಂತೆ. ಹೆದರಿದ ಅಜ್ಜಿ ನನ್ನನ್ನು ಕರೆಸಿದ್ದರು.

ಸಿಂಕಿನ ಕೆಳಗಿನ ಬಾಗಿಲಿಗೆ ಲಾಕು ಹಾಕಿ ಮುಗಿಸಿದೆ. ಅಜ್ಜಿ ತಲೆ ಮೇಲಿನ ಕಬೋರ್ಡು ತೋರಿಸಿ, "ಇದ್ಕೂ ಒಂದ್ ಹಾಕಪ್ಪ" ಅಂದರು.

"ಅಲ್ಲಿಗೆ ಮಗು ಕೈ ಎಂಗ್ ಎಟುಕ್ತದಜ್ಜಿ?"

"ಮಗೀಗಲ್ಲ ಕಣಪ್ಪ, ನಮ್ ಯಜಮಾನ್ರಿಗೆ. ಸಕ್ಕರೆ ಕಾಯ್ಲೆ ಇಟ್ಕಂಡು ದಿನಾ ಉಂಡಾದ್ಮೇಲೆ ಬೆಲ್ಲ ಮುರ್ಕಂಡ್ ತಿಂತವ್ರೆ. ಡಾಕ್ಟ್ರು ಬೈದ್ರೂ ಕೇಳಕಿಲ್ಲ."

ಯಜಮಾನರು ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಲಾಕು ಹಾಕಿ, ತೆಗೆಯುವುದನ್ನು ಅಜ್ಜಿಗೆ ಹೇಳಿಕೊಟ್ಟೆ. ಅವರು ಗುಂಡಿ ಒತ್ತಿ, ಬಿಟ್ಟು, ಆಮೇಲೆ ಎಳೆದರು. ಬರಲಿಲ್ಲ. ಮೂರು ಸಲವೂ ಹಾಗೇ ಆಯಿತು.

ಪೇಪರಿನ ಹಿಂದಿನಿಂದ ಸಣ್ಣಗೆ ಮಾತು ಬಂತು: "ಒತ್ತಿ ಬಿಡಬ್ಯಾಡ ಕಣೇ, ಒತ್ಕಂಡೇ ಎಳಿ."

ಬಾಗಿಲು ತೆರೆಯಿತು. ಅಜ್ಜಿ ಬೆಲ್ಲದ ಡಬ್ಬಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ನಾನು ಸಾಮಾನು ಬ್ಯಾಗಿಗೆ ತುಂಬಿಕೊಂಡೆ. ಚಿಕ್ಕ ಮಕ್ಕಳಿಗೆ ಮಾತ್ರ ಅಂತ ಲಾಕಿನ ಪ್ಯಾಕೆಟ್ಟಿನ ಮೇಲೆ ಬರೆದೇ ಇರುತ್ತದೆ.